ತೊಟ್ಟಿಕ್ಕುತ್ತಿದ್ದ ನಲ್ಲಿ

ಅಗತ್ಯಕ್ಕಿಂತ ದೊಡ್ಡ ಮನೆಯಲ್ಲಿ ವಾಸಿಸುವುದು ಅನ್ಯಾಯವೆಂದು ತೊಂಬತ್ತರ ದಶಕದಲ್ಲಿ ನಾನು ದೃಢವಾಗಿ ನಂಬಿದ್ದೆ. ಆ ನಂಬಿಕೆಯಿಂದಲೇ ಅಮೆರಿಕದ ಜರ್ಮನ್‌ಟೌನ್‌ನ ಅಪಾರ್ಟ್‌ಮೆಂಟ್ ಬಿಟ್ಟು, ಆರ್‌ವಿ ಎಂಬ ಹಳೆಯದೊಂದು ಮನೆಬಂಡಿ ಕೊಂಡು, ಅದನ್ನು ಊರಾಚೆಯ ಕ್ಯಾಂಪ್‌ಗ್ರೌಂಡಿನಲ್ಲಿ ನಿಲ್ಲಿಸಿ, ಹೆಂಡತಿಯೊಡನೆ ಸಂಸಾರ ಹೂಡಿದೆ. ಅಡುಗೆ, ಸ್ನಾನ, ನಿದ್ದೆ ಎಲ್ಲವೂ ಒಂದು ಬಸ್ಸಿನಷ್ಟು ಜಾಗದಲ್ಲಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನನ್ನಲ್ಲಿ ಅವಳ ಪ್ರತಿಯೊಂದು ಆಕ್ಷೇಪಕ್ಕೂ ಉತ್ತರವಿತ್ತು.

ಮೊದಲ ಚಳಿಗಾಲವನ್ನು ಅವಳು ಸಹಿಸಿಕೊಂಡಳು. ಎರಡನೆಯದರಲ್ಲಿ ಮಗು ಹುಟ್ಟಿತು. ಬಾಣಂತನಕ್ಕೆಂದು ನನ್ನ ಅಮ್ಮ ಮೈಸೂರಿನಿಂದ ಬಂದಳು. ಬೆಳಿಗ್ಗೆ ಮಗುವಿಗೆ ಎರೆಯಲು ಬಿಸಿನೀರು ಒಂದು ದಿನ ತಪ್ಪಿದರೂ ತಾನು ಇಲ್ಲಿರುವುದಿಲ್ಲವೆಂದು ಹೆಂಡತಿ ಮೊದಲೇ ಹೇಳಿದ್ದಳು. ನಾನು ಒಪ್ಪಿದ್ದೆ.

ಕಡುಚಳಿಯಲ್ಲಿ, ನಿಂತ ನೀರು ಹೆಪ್ಪುಗಟ್ಟಿ ಪೈಪನ್ನು ಸೀಳುತ್ತದೆ. ಆದ್ದರಿಂದ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಬೇಕು. ಇಷ್ಟನ್ನು ವಿವರಿಸಲು ಅರ್ಧ ನಿಮಿಷ ಸಾಕಿತ್ತು. ವಸತಿಯ ಹಕ್ಕಿನ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲ ನಾನು, "ಅಮ್ಮ, ಆ ನಲ್ಲೀನ ಮುಟ್ಟಬೇಡ" ಎಂದಷ್ಟೇ ಹೇಳಿ ಬಾಡಿಗೆದಾರರ ಸಭೆಗೆ ಹೊರಟುಹೋದೆ.

ಅಮ್ಮ ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ ಬಾಳಿದವಳು. ಸೋರುವ ನಲ್ಲಿ ಮನೆಗೆ ಶ್ರೇಯಸ್ಸಲ್ಲವೆಂದು ನಂಬಿದವಳು. ಕೆಟ್ಟುಹೋಗಿದೆಯೆಂದೇ ಮಗ ಮುಟ್ಟಬೇಡವೆಂದಿರಬೇಕು ಎಂದುಕೊಂಡು, ಒಮ್ಮೆ ತಿರುಗಿಸಿ ನೋಡಿದಳಂತೆ. ನೀರು ನಿಂತಿತು. ರಿಪೇರಿಯಾಯಿತೆಂದು ಸಂತೋಷಪಟ್ಟಳಂತೆ.

ಮರುದಿನ ಬೆಳಿಗ್ಗೆ ಪೈಪು ಸೀಳಿಹೋಗಿತ್ತು. ನಲ್ಲಿಯಲ್ಲಿ ಹನಿ ನೀರಿಲ್ಲ. ಅಮ್ಮ ಎಂದಿನಂತೆ ಕಾಲು ಚಾಚಿ, ಎಣ್ಣೆ ಹಚ್ಚಿದ ಮಗುವನ್ನು ಅದರ ಮೇಲೆ ಮಲಗಿಸಿಕೊಂಡು ನೀರಿಗಾಗಿ ಕಾದಿದ್ದಳು. ಅವಳೆದುರು ನಿಂತು ನಾನು ವಾದ ಮಂಡಿಸಿದೆ: ಸೂಚನೆ ಸ್ಪಷ್ಟವಾಗಿತ್ತು, ಅದನ್ನು ಮೀರಲಾಯಿತು, ಹೊಣೆ ಯಾರದು? ಅಮ್ಮ ತನ್ನ ಸೆರಗಿನಿಂದ ಮಗುವಿನ ಮೈಯೆಣ್ಣೆ ಒರೆಸತೊಡಗಿದಳು.

ಹೆಂಡತಿ ನಾನು ಮುಗಿಸುವವರೆಗೆ ಕಾದು, "ಗೆದ್ರಿ ಬಿಡಿ. ಈಗ ಕಾರ್ ಕೀ ಕೊಡಿ" ಎಂದಳು.

ಹೆಂಡತಿ, ಅಮ್ಮ, ಮಗು ಮೂವರೂ ಜರ್ಮನ್‌ಟೌನ್‌ಗೇ ಹೋದರು. ಹೆಂಡತಿಯ ಗೆಳತಿ ಊರಿಗೆ ಹೋಗಿದ್ದರಿಂದ ಆಕೆಯ ಅಪಾರ್ಟ್‌ಮೆಂಟ್ ಖಾಲಿಯಿತ್ತು. ನಾನು ಪೈಪು ಸರಿಪಡಿಸಿಕೊಂಡು, ತತ್ತ್ವದ ಹೆಸರಿನಲ್ಲಿ, ಒಬ್ಬನೇ ಆರ್‌ವಿಯಲ್ಲಿ ಉಳಿದೆ. ಮಗು ಮೊದಲ ಸಲ ನಕ್ಕದ್ದನ್ನು ಹೆಂಡತಿ ಫೋನಿನಲ್ಲಿ ತಿಳಿಸಿದಳು. ನಾನು ಏನು ಸಾಧಿಸುತ್ತಿದ್ದೇನೆಂಬುದು ಅಂದಿನಿಂದ ನನಗೇ ಅಸ್ಪಷ್ಟವಾಗುತ್ತ ಹೋಯಿತು.

ಫೆಬ್ರುವರಿಯ ಕೊನೆಗೆ, ಅಮ್ಮನ ಕ್ಷಮೆ ಕೇಳಲೆಂದೇ ಹೋದೆ. ಅಪಾರ್ಟ್‌ಮೆಂಟ್ ಬೆಚ್ಚಗಿತ್ತು. ಹೆಂಡತಿ ಕೆಲಸಕ್ಕೆ ಹೋಗಿದ್ದಳು, ಮಗು ಮಲಗಿತ್ತು. ಕೈ ತೊಳೆಯಲು ಸಿಂಕಿನ ಬಳಿ ಹೋದರೆ, ನಲ್ಲಿ ತೊಟ್ಟಿಕ್ಕುತ್ತಿತ್ತು. ಹೀಟರಿರುವ ಆ ಮನೆಯಲ್ಲಿ ಅದರ ಅಗತ್ಯವೇ ಇರಲಿಲ್ಲ.

ನಾನು ನಲ್ಲಿಯನ್ನೇ ನೋಡುತ್ತಿರುವುದನ್ನು ಕಂಡು, ಅಮ್ಮ ಬೇಗ ಬೇಗ ಹೇಳಿದಳು: "ಮುಚ್ಚಿಲ್ಲಪ್ಪ. ಬಂದಾಗಿಂದ ಒಂದಿನಾನೂ ಮುಚ್ಚಿಲ್ಲ."

ಸಿದ್ಧಪಡಿಸಿಕೊಂಡು ಹೋಗಿದ್ದ ಮಾತುಗಳನ್ನು ಬಿಟ್ಟು, ಆ ತೊಟ್ಟಿಕ್ಕುವ ನೀರಿನಲ್ಲೇ ಕೈ ತೊಳೆದುಕೊಂಡೆ. "ಸರಿಯಾಗೇ ಇದೆ, ಅಮ್ಮ" ಎಂದೆ. ಅವಳು ಮೈಸೂರಿಗೆ ಹಿಂದಿರುಗುವವರೆಗೂ ಆ ನಲ್ಲಿ ಹಾಗೆಯೇ ತೊಟ್ಟಿಕ್ಕುತ್ತಿತ್ತು.