ಅಪ್ಪ ಕೈ ಹಾಕದ ತೊಟ್ಟಿ

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಹೇಳಿಕೊಳ್ಳಲು ಈಗಲೂ ಸಂಕೋಚವಿಲ್ಲ. ಅಪ್ಪ ಕೆರೆಯಲ್ಲಿ ಬಲೆ ಬೀಸಿ ನಮ್ಮನ್ನು ಸಾಕಿದವನು. ನನ್ನ ಕಾಲೇಜಿನ ಅರ್ಜಿಗೆ ಅವನು ಹೆಬ್ಬೆಟ್ಟು ಒತ್ತಿದಾಗ ಕಾಗದಕ್ಕೆ ಮೀನಿನ ಹುರುಪೆಯೊಂದು ಅಂಟಿಕೊಂಡಿತ್ತು. ಗುಮಾಸ್ತರು ಅದನ್ನು ಉಗುರಿನಿಂದ ಕೆರೆದು ತೆಗೆದರು. ಅದನ್ನು ನಾನು ಮರೆತಿಲ್ಲ.

ಅವ್ವ ತೀರಿಕೊಂಡ ಮೇಲೆ ಅಪ್ಪ ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯಲ್ಲಿದ್ದ ನಮ್ಮ ಮನೆಗೆ ಬಂದ. ಮಂಡಿ ಸೋತು ಬಲೆ ಎಳೆಯಲು ಆಗುತ್ತಿರಲಿಲ್ಲ. ನಾನು ಆಫೀಸಿಗೆ, ಗಂಡ ಗುರುಗ್ರಾಮಕ್ಕೆ, ಮಗಳು ಶಾಲೆಗೆ ಹೊರಟರೆ ಅಪ್ಪ ದಿನವಿಡೀ ಸೋಫಾದ ತುದಿಯಲ್ಲಿ ಬಸ್ಸಿಗೆ ಕಾಯುವವನಂತೆ ಕುಳಿತಿರುತ್ತಿದ್ದ. ಮಗಳು ಅರ್ಧ ಹಿಂದಿಯಲ್ಲಿ ಮಾತಾಡಿಸಿದರೆ ಸುಮ್ಮನೆ ನಗುತ್ತಿದ್ದ. ಅವನಿಗೆ ಈ ಊರಲ್ಲಿ ತನ್ನದು ಅನ್ನುವ ಕೆಲಸವೊಂದು ಬೇಕಿತ್ತು. ಅವನು ಬಲ್ಲ ಕೆಲಸ ಒಂದೇ.

ನಮ್ಮದು ನೆಲಮಹಡಿ, ಹಿಂದೆ ಚೂರು ಹಿತ್ತಲಿದೆ. ಅಲ್ಲಿ ಕಬ್ಬಿಣದ ಪೈಪು ಬಗ್ಗಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಹಸಿರುಮನೆ ಕಟ್ಟಿಸಿದೆ. ಕೆಳಗೆ ನೀಲಿ ತೊಟ್ಟಿಯಲ್ಲಿ ಗೆಂಡೆ ಮೀನಿನ ಮರಿಗಳು, ಮೇಲೆ ಜಲ್ಲಿ ತುಂಬಿದ ಟ್ರೇಗಳಲ್ಲಿ ಪಾಲಕ್, ಪುದೀನ. ತೊಟ್ಟಿಯ ನೀರನ್ನು ಪಂಪು ಜಲ್ಲಿಗೆ ಎತ್ತುತ್ತದೆ. ಮೀನಿನ ಹೊಲಸು ಗಿಡಕ್ಕೆ ಗೊಬ್ಬರವಾಗಿ, ತಿಳಿಯಾದ ನೀರು ಗಾಳಿ ಬೆರೆಸಿಕೊಂಡು ಮತ್ತೆ ತೊಟ್ಟಿಗೆ ಬೀಳುತ್ತದೆ. ಪಂಪು ಸೋಲಾರಿನದು. ಫಲಕ ಕೂರಿಸಿದ ಭಯ್ಯಾ, ಮನೆಯ ಕರೆಂಟಿನಿಂದಲೂ ಒಂದು ವೈರು ಎಳೆದಿಡೋಣ ಎಂದ. ನಾನು ತಿಂಗಳುಗಟ್ಟಲೆ ಓದಿ ತಯಾರಿಸಿದ ಲೆಕ್ಕದ ಹಾಳೆ ತೋರಿಸಿ, ಸೋಲಾರೇ ಸಾಕು, ಬೇಡವೆಂದೆ. ಚಳಿಗಾಲದಲ್ಲಿ ಸೂರ್ಯನೂ ರಜೆ ಹಾಕುತ್ತಾನೆ ಮೇಡಂಜೀ, ನಿಮ್ಮ ಸರ್ಕಾರಿ ಆಫೀಸಿನವರ ಹಾಗೆ, ಎಂದು ಅವನು ಹಿಂದಿಯಲ್ಲಿ ನಕ್ಕು ಹೋದ.

ಅಪ್ಪನ ಮುಖಕ್ಕೆ ಕಳೆ ಬಂತು. ಆದರೆ ಎರಡನೇ ವಾರ, ಊರಿನಲ್ಲಿ ಮೀನು ಸಾಕುವ ಕಟ್ಟೆಗೆ ಹಾಕುವ ಹಾಗೆ, ರಸ್ತೆಯಿಂದ ಸಗಣಿ ತಂದು ತೌಡಿನ ಜೊತೆ ಕಲಸಿ ತೊಟ್ಟಿಗೆ ಹಾಕಿಬಿಟ್ಟ. ನೀರು ನಾರಿತು, ಕೆಲವು ಮರಿ ಸತ್ತವು. ಕೆರೆ ಬೇರೆ, ಇದು ಬೇರೆ, ನನ್ನನ್ನು ಕೇಳದೆ ಕೈ ಹಾಕಬೇಡ ಎಂದು ಬೈದೆ. ನಿಯಮಗಳನ್ನು ದಪ್ಪ ಅಕ್ಷರದಲ್ಲಿ ಬರೆದು ತೊಟ್ಟಿಯ ಪಕ್ಕದ ಗೋಡೆಗೆ ಅಂಟಿಸಿದೆ. ಓದಲು ಬಾರದ ಅಪ್ಪನಿಗಾಗಿ. ಅವನು ಆ ಹಾಳೆಯನ್ನು ನೋಡಿ ತಲೆಯಾಡಿಸಿದ.

ಅಂದಿನಿಂದ ನಾನು ಹೇಳಿದಷ್ಟನ್ನೇ ಮಾಡಿದ. ಮೀನು ಬೆಳೆದವು. ಪಕ್ಕದ ಮನೆಯವರಿಗೆ ಪಾಲಕ್ ಕೊಡುತ್ತ 'ಹಮಾರಾ', ನಮ್ಮದು, ಅನ್ನುವ ಒಂದು ಹಿಂದಿ ಮಾತು ಕಲಿತ.

ನವೆಂಬರಿನಲ್ಲಿ ಹೊಗೆ ಕವಿಯಿತು. ಐದು ದಿನ ನೆರಳೇ ಬೀಳಲಿಲ್ಲ. ಫಲಕದ ಮೇಲೆ ಮಸಿ ಕೂತು, ಬ್ಯಾಟರಿ ಸೊರಗಿ, ಪಂಪು ಎಳೆದೆಳೆದು ಓಡುತ್ತಿತ್ತು. ಆರನೇ ದಿನ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗ ಅಪ್ಪ ಬಿಂದಿಗೆ ಹಿಡಿದು ಬಾಗಿಲಿಗೆ ಬಂದ.

"ಮೀನು ಮ್ಯಾಲಕ್ಕೆ ಬಂದು ಬಾಯಿ ಬಿಡ್ತಾವೆ ಕಣವ್ವ. ಉಸಿರು ಸಾಲ್ತಿಲ್ಲ. ನೀರು ಮೊಗೆದು ಮೊಗೆದು ಹುಯ್ಯಲಾ?"

ನಾನು ತೊಟ್ಟಿಯ ನೀರನ್ನು ಕೊಳವೆಗೆ ತುಂಬಿ, ಪರೀಕ್ಷೆಯ ಹನಿ ಹಾಕಿ ಬಣ್ಣ ನೋಡಿದೆ. ಚಾರ್ಟಿನಲ್ಲಿ ಇರಬೇಕಾದ ಬಣ್ಣವೇ ಇತ್ತು.

"ಪರೀಕ್ಷೆ ಸರಿಯಾಗಿ ಬಂದಿದೆ ಅಪ್ಪ. ಗೊತ್ತಿಲ್ಲದ್ದಕ್ಕೆ ಕೈ ಹಾಕಬೇಡ," ಎಂದು ಮೆಟ್ರೋ ಹಿಡಿಯಲು ಓಡಿದೆ.

ಸಂಜೆ ಬಂದಾಗ ಅಪ್ಪ ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ ಕುಳಿತಿದ್ದ. ಬಿಂದಿಗೆ ತೊಡೆಯ ಮೇಲಿತ್ತು, ಒಣಗಿತ್ತು. ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ನಾನು ಹೋದ ಸ್ವಲ್ಪ ಹೊತ್ತಿಗೇ ಪಂಪು ನಿಂತಿತಂತೆ. ಮಧ್ಯಾಹ್ನದವರೆಗೂ ಒಂದೊಂದಾಗಿ ಮಗುಚಿಕೊಂಡವಂತೆ. ಫೋನಾದರೂ ಮಾಡಬಾರದಿತ್ತೇ ಎಂದರೆ, ಆಫೀಸಿಗೆ ಫೋನು ಬೇಡವೆಂದೂ ನಾನೇ ಹೇಳಿದ್ದೆ ಎಂದ.

"ಕಣ್ಣೆದುರಿಗೇ ಸಾಯ್ತಿದ್ವಲ್ಲ, ನೀರು ಹುಯ್ಯೋಕೆ ಏನಾಗಿತ್ತು ಅಪ್ಪ?"

"ಓದಿದೋಳು ನೀನು. ಬ್ಯಾಡ ಅಂದಿದ್ದೆಯಲ್ಲವ್ವ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೇಸಿಗೆಯಲ್ಲಿ ಕೆರೆ ಬತ್ತಿ ಮೀನು ಗುಂಡಿಗಳಲ್ಲಿ ಸಿಕ್ಕಿಕೊಂಡಾಗ, ಅಪ್ಪ ಸೊಂಟದವರೆಗೆ ಗುಂಡಿಯಲ್ಲಿ ನಿಂತು ಬುಟ್ಟಿಯಿಂದ ಅದೇ ನೀರು ಎತ್ತಿ ಎತ್ತಿ ಹುಯ್ದು ಗಾಳಿ ಬೆರೆಸುತ್ತಿದ್ದದ್ದನ್ನು ಏರಿಯ ಮೇಲೆ ಕೂತು ನೋಡಿದವಳು ನಾನು. ನನ್ನ ಹನಿಗಳು ತಿಳಿಸಿದ್ದು ಹೊಲಸಿನ ಸಂಗತಿ ಮಾತ್ರ. ನೀರಿನಲ್ಲಿ ಗಾಳಿ ಎಷ್ಟಿದೆಯೆಂದು ಅವು ಹೇಳುವುದಿಲ್ಲ. ಅಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಇಡೀ ದಿನ ನನ್ನ ಮಾತಿಗೆ ಕೈ ಕಟ್ಟಿ ಕೂತ. ಕಷ್ಟಪಟ್ಟು ಓದಿದೆ ಎಂದು ಮೆರೆದವಳು ನಾನು. ಆ ಓದಿಗೆ ಅವನು ತನ್ನ ಕೈಗಳನ್ನೂ ಒಪ್ಪಿಸಿಬಿಟ್ಟಿದ್ದಾನೆಂದು ನನಗೆ ಹೊಳೆದಿರಲಿಲ್ಲ.

ಮರುವಾರ ಮನೆಯ ಕರೆಂಟಿನ ವೈರು ಎಳೆಸಿದೆ, ಗೋಡೆಯ ಹಾಳೆ ಹರಿದೆ. ಹೊಸ ಮರಿ ತರುತ್ತೇನೆ, ಈ ಸಲ ಎಲ್ಲ ನಿನ್ನದೇ ಎಂದೆ. "ಬ್ಯಾಡವ್ವ, ನಂಗೆ ತಿಳಿಯಕಿಲ್ಲ," ಎಂದ. ಹಸಿರುಮನೆಯಲ್ಲಿ ಈಗ ಬಟ್ಟೆ ಒಣಗಿಸುತ್ತೇವೆ.

ಅಪ್ಪ ಮತ್ತೆ ಸೋಫಾದ ತುದಿಗೆ ಬಂದಿದ್ದಾನೆ. ಫ್ಯಾನು ಹಾಕಲೂ ಕೇಳುತ್ತಾನೆ, ಕಿಟಕಿ ತೆರೆಯಲೂ ಕೇಳುತ್ತಾನೆ. ನಿನ್ನೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ನೀರು ಕುಡೀಲಾ ಅವ್ವ?" ಎಂದ.

"ಅದನ್ನೆಲ್ಲ ಕೇಳಬೇಡ ಅಪ್ಪ, ಕುಡಿ," ಎಂದೆ.

ಅದನ್ನೂ ಒಂದು ನಿಯಮವೆಂದು ತಿಳಿದನೋ ಏನೋ, ಆವತ್ತು ಹಾಳೆಯ ಮುಂದೆ ಆಡಿಸಿದಂತೆಯೇ ತಲೆಯಾಡಿಸಿದ. ಒಂದೇ ಲೋಟ ಕುಡಿದ. ಲೋಟವನ್ನು ಎಲ್ಲಿಡಲಿ ಎಂದು ಕೇಳಿದ.