ಚಂಪಾಳ ಎದುರು ತಲೆ ಎತ್ತಿ ನಿಲ್ಲಿ

ಜೀವನವಿಡೀ ದುಡಿದ ಆನೆಗೆ ನಿವೃತ್ತಿ ಎಂಬುದು ಉಂಟೇ?

ನಮ್ಮಲ್ಲಿ ಅರವತ್ತು ತುಂಬಿದವರಿಗೆ ಹಾರ, ಶಾಲು, ನಾಲ್ಕು ಭಾಷಣ. (ಅವುಗಳಲ್ಲಿ ನನ್ನದೂ ಒಂದು ಇದ್ದೇ ಇರುತ್ತದೆ.) ಆದರೆ ಆನೆಯ ಬಗ್ಗೆ ಈ ಪ್ರಶ್ನೆ ನನಗೆ ಹೊಳೆದದ್ದು ಕಳೆದ ವಾರ.

ಮಸ್ಕಿಯ ನನ್ನ ದೊಡ್ಡಮ್ಮ ಶಂಕ್ರಮ್ಮನವರೊಂದಿಗೆ ಪ್ರವಾಸ ಹೊರಟಿದ್ದೆ. ದಾರಿಯಲ್ಲಿ, ವಯಸ್ಸಾದ ಆನೆಗಳನ್ನು ಸಾಕುವ ಒಂದು ಆಶ್ರಯಧಾಮ. ಮರದ ಬೇಲಿಯಾಚೆ, ಕಾಲಿಗೆ ಸರಪಳಿಯಿಲ್ಲದ ಹೆಣ್ಣಾನೆ. ಹೆಸರು ಚಂಪಾ. ಹುಲ್ಲನ್ನು ಮುಂಗಾಲಿಗೆ ಬಡಿದು, ಮಣ್ಣು ಕೊಡವಿ, ಸಾವಕಾಶವಾಗಿ ತಿನ್ನುತ್ತಿದ್ದಳು. ಎಂಥ ಅಚ್ಚುಕಟ್ಟು!

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಅಂಗಡಿ ಸಾಲಿಗೆ ಆನೆ ಬಂದರೆ ನಾವೆಲ್ಲ ಏನು ಮಾಡುತ್ತೇವೆ? ದೊಡ್ಡಮ್ಮ ಅದನ್ನೇ ಮಾಡಿದರು. ತಲೆಯ ಮೇಲೆ ಸೆರಗು ಹೊದ್ದು, ಬೇಲಿಯ ಬಳಿ ಹೋಗಿ ತಲೆ ಬಗ್ಗಿಸಿ ನಿಂತರು.

ಚಂಪಾ ಬಾಯಲ್ಲಿದ್ದ ಹುಲ್ಲನ್ನು ಕೆಳಗೆ ಹಾಕಿದಳು. ಸೊಂಡಿಲು ಎತ್ತಿದಳು.

"ಅಮ್ಮಾ, ತಲೆ ಎತ್ತಿ! ತಲೆ ಎತ್ತಿ!" ಮಾವುತ ಕರೀಂ ಸಾಬ್ ಓಡಿ ಬಂದರು.

"ತಲಿ ಎತ್ಗೊಂಡು ಯಾರರ ಆಶೀರ್ವಾದ ತಗೊಂತಾರೇನಪಾ?" ಬಗ್ಗಿದಲ್ಲಿಂದಲೇ ದೊಡ್ಡಮ್ಮನ ಪ್ರಶ್ನೆ.

"ನಿಮಗೆ ಅದು ನಮಸ್ಕಾರ ಅಮ್ಮಾ. ಅವಳಿಗೆ ಹುಕುಂ."

ದೊಡ್ಡಮ್ಮ ಥಟ್ಟನೆ ನೆಟ್ಟಗಾದರು.

ವರ್ಷಗಟ್ಟಲೆ ಚಂಪಾ, ಹಿಂದಿನ ಮಾಲೀಕರ ಕಾಸಿಗಾಗಿ ಜನರನ್ನು ಹರಸುತ್ತ, ಡಾಂಬರು ರಸ್ತೆಗಳಲ್ಲಿ ಊರಿಂದೂರಿಗೆ ನಡೆದವಳು. ಬಗ್ಗಿದ ತಲೆ ಕಂಡರೆ ಸೊಂಡಿಲು ಎತ್ತಬೇಕು. ತಡವಾದರೆ ಅಂಕುಶದ ತಿವಿತ. ಬಿಡುಗಡೆಯಾದ ಮೇಲೂ ಆ ಭಯ ಹೋಗಿಲ್ಲ. ಯಾರಾದರೂ ಬಗ್ಗಿದರೆ ಸಾಕು, ಮೇವು ಬಿಡುತ್ತಾಳೆ. ಮತ್ತೆ ಬಹಳ ಹೊತ್ತು ಮುಟ್ಟುವುದಿಲ್ಲ. ಇಲ್ಲಿಗೆ ಬಂದಾಗ ಪಕ್ಕೆಲುಬು ಎಣಿಸುವಷ್ಟು ಸೊರಗಿದ್ದಳಂತೆ, ಈಗಷ್ಟೇ ಚೇತರಿಕೆ.

"ಹುಲ್ಲಿನ ಕಟ್ಟು ಎತ್ತುವಾಗ ಬೆನ್ನು ತಿರುಗಿಸಿ ಬಗ್ತೀನಿ" ಎಂದರು ಕರೀಂ ಸಾಬ್. "ಅವಳ ಕಾಲುಗುರು ನೋಡೋಕೆ ನೆಲದ ಮೇಲೇ ಕೂತ್ಕೋತೀನಿ. ನಮಾಜೂ ಅವಳ ಕಣ್ಣಿಗೆ ಬೀಳದ ಹಾಗೆ, ಶೆಡ್ಡಿನ ಹಿಂದೆ."

ಕರುಣೆ ಎಂಬ ಪದಕ್ಕೆ ಇದಕ್ಕಿಂತ ನಿಖರವಾದ ಅರ್ಥವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ.

"ಕೈಯರ ಮುಗೀಬೌದೇನ್ರಿ?" ದೊಡ್ಡಮ್ಮ ಮೆಲ್ಲಗೆ ಕೇಳಿದರು.

"ಮುಗೀರಿ. ಬಗ್ಗಬೇಡಿ."

ಇಬ್ಬರೂ ಕಂಬದಂತೆ ನಿಂತೆವು. ಸೊಂಡಿಲು ಗಾಳಿಯಲ್ಲೇ ಇತ್ತು. ಕಾದೆವು. ಕೊನೆಗೂ ಅದು ಇಳಿಯಿತು, ಹುಲ್ಲನ್ನು ಹುಡುಕಿತು, ಮುಂಗಾಲಿಗೆ ಬಡಿಯಿತು. ಚಂಪಾ ತಿನ್ನತೊಡಗಿದಳು.

"ನನ್ ಕಡಿ ಹೊಳ್ಳಿ ಸುದ್ದಾ ನೋಡವಲ್ಲಳು ನೋಡೋ!" ದೊಡ್ಡಮ್ಮನ ಮುಖ ಅರಳಿತ್ತು.

ಭಕ್ತಿಯನ್ನು ಬಿಡಿ ಎಂದು ನಾನು ವಾದಿಸುತ್ತಿಲ್ಲ. ಬಗ್ಗಿದವರಿಗೆಲ್ಲ ಸೊಂಡಿಲು ಎತ್ತುವ ಆನೆ ನಮ್ಮನ್ನು ಹರಸುತ್ತಿದೆಯೋ, ನಮಗೆ ಹೆದರುತ್ತಿದೆಯೋ ಎಂದಷ್ಟೇ ಕೇಳುತ್ತಿದ್ದೇನೆ.

ಓದುಗರಲ್ಲಿ ವಿನಂತಿ ಇಷ್ಟೇ: ಆನೆ ಎದುರಾದಾಗ ದಯವಿಟ್ಟು ತಲೆ ಬಗ್ಗಿಸಬೇಡಿ, ನಿಮ್ಮ ಮಕ್ಕಳಿಗೂ ಹಾಗೆಯೇ ಕಲಿಸಿ, ಅದನ್ನು ನೆಮ್ಮದಿಯಾಗಿ ಉಣ್ಣಲು ಬಿಡಿ.