ಬಸ್ಸಿನ ಹಿಂದಿನ ನೆರಳು

ದೊಡವಾಡದ ಬಸ್ ನಿಲ್ದಾಣದಲ್ಲಿ, ಬಸ್ಸಿನ ಹಿಂಬದಿಯ ಬಲ ಮೂಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಯುಗಾದಿ ಮುಗಿದ ಮುಂದಿನ ವಾರ, ಮಂಗಳವಾರ, ಮಧ್ಯಾಹ್ನ ಮೂರೂ ಮುಕ್ಕಾಲು. ಬಸ್ಸಿನ ಮೂತಿ ಪಶ್ಚಿಮಕ್ಕಿತ್ತು, ನೆರಳು ಹಿಂದೆ ಬಿದ್ದಿತ್ತು. ನಮ್ಮ ಕಡೆ ಬೇಸಿಗೆಯಲ್ಲಿ ನಿಂತ ಬಸ್ಸಿನ ನೆರಳಿಗೆ ಜನ ಬಂದು ಕೂರುತ್ತಾರೆ. ಬಸ್ಸನ್ನು ಹಿಂದಕ್ಕೆ ತೆಗೆಯುವ ಮೊದಲು ಅವರನ್ನು ಎಬ್ಬಿಸುವುದು ಕಂಡಕ್ಟರನ ಕೆಲಸ. ಆ ಕಂಡಕ್ಟರ್ ನಾನು.

ಟಿಕೆಟ್ ಯಂತ್ರದಲ್ಲಿ ಕಾಗದದ ಸುರುಳಿ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುತ್ತ, ತಲೆ ಎತ್ತದೆ, ಸೀಟಿ ಊದಿ ‘ಬರ್ಲಿ, ಬರ್ಲಿ’ ಎಂದೆ. ಹನ್ನೊಂದು ವರ್ಷ ಹೇಳಿ ಹೇಳಿ ಆ ಮಾತು ತಾನಾಗಿಯೇ ಬಾಯಿಗೆ ಬರುತ್ತಿತ್ತು. ಡ್ರೈವರಿಗೆ ಬಸ್ಸಿನ ಬೆನ್ನ ಹಿಂದೆ ಏನೂ ಕಾಣುವುದಿಲ್ಲ. ಅವರು ಬರುವುದು ನನ್ನ ದನಿಯನ್ನು ನಂಬಿ. ಯಾರೋ ಬಸ್ಸಿನ ತಗಡನ್ನು ದಬದಬ ಬಡಿದರು. ಬಸ್ಸು ನಿಂತಿತು. ನೆರಳಿನಲ್ಲಿ ಒಬ್ಬ ಮುದುಕಿ ನಮಗೆ ಬೆನ್ನು ಮಾಡಿ ಕುಳಿತು ರೊಟ್ಟಿ ಮುರಿಯುತ್ತಿದ್ದಳು. ಬಂಪರಿಗೂ ಆಕೆಯ ಬೆನ್ನಿಗೂ ನಡುವೆ ಒಂದು ಗೇಣು.

‘ತಡೀರೋ ತಮ್ಮಾ, ಉಣ್ಣಾಕ ಕುಂತೇನಿ,’ ಎಂದಳು. ತಿರುಗಿ ಕೂಡ ನೋಡಲಿಲ್ಲ.

ಆಕೆಗೆ ಒಂದು ಗೀರೂ ಆಗಲಿಲ್ಲ. ಉಂಡು, ಸೆರಗು ಕೊಡವಿ, ನಮ್ಮ ಬಸ್ಸನ್ನೇ ಹತ್ತಿದಳು.

ಆಮೇಲಿನ ತಿಂಗಳುಗಳು ಅರೆನಿದ್ದೆಯಲ್ಲಿ ಕಂಡಂತೆ ನೆನಪಿವೆ. ನವಿಲುತೀರ್ಥದ ನೀರು, ತೊರಗಲ್ಲಿನ ಕೋಟೆ, ಕರಿ ಹೊಲಗಳು ಕಿಟಕಿಯಾಚೆ ಸದ್ದಿಲ್ಲದೆ ತೇಲಿ ಹೋಗುತ್ತಿದ್ದವು. ನಾವು ಮಾತ್ರ ಇದ್ದಲ್ಲೇ ಇದ್ದ ಹಾಗೆ. ನಿಲ್ದಾಣ ಬಂದಾಗ ಎಚ್ಚರವಾಗುತ್ತಿತ್ತು. ಇಳಿದು ಬಸ್ಸಿನ ಹಿಂದೆ ನೋಡುತ್ತಿದ್ದೆ, ಬಗ್ಗಿ ಕೆಳಗೆ ನೋಡುತ್ತಿದ್ದೆ. ಸೀಟಿ ತುಟಿಗೆ ತಾಗಿದ ಕೂಡಲೇ ನೆರಳಿನಲ್ಲಿ ಯಾರೋ ಕುಳಿತಂತೆ ಅನಿಸುತ್ತಿತ್ತು. ಮತ್ತೆ ಹೋಗಿ ನೋಡುತ್ತಿದ್ದೆ. ಐದು ಸಲ, ಆರು ಸಲ.

‘ಏನ್ ಕಳಕೊಂಡೀರಿ ಕಂಡಕ್ಟರ್ ಸಾಹೇಬ್ರ?’ ರಾಮದುರ್ಗದಲ್ಲಿ ಒಬ್ಬ ಕಿಟಕಿಯಿಂದ ಕೇಳಿದ.

‘ಮಾವ ಕೊಟ್ಟ ಉಂಗುರ ಇರಬೇಕ್ ಬಿಡೋ, ಹುಡಕ್ಲಿ,’ ಎಂದ ಪಕ್ಕದವ.

ದಿನವೂ ತಡವಾಗತೊಡಗಿತು. ಹೀಗೇ ಆದರೆ ಬಸ್ಸಿನಿಂದ ಇಳಿಸಿ ಕಚೇರಿಯಲ್ಲಿ ಕೂರಿಸುವುದಾಗಿ ಡಿಪೊದಲ್ಲಿ ಹೇಳಿದರು. ನನಗೆ ಗೊತ್ತಿದ್ದುದು ಇದೊಂದೇ ಕೆಲಸ. ಕೊನೆಗೆ ಡ್ರೈವರ್ ನನ್ನನ್ನು ಬೈಲಹೊಂಗಲದ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಿವೃತ್ತಿಗೆ ಹತ್ತಿರವಿದ್ದ ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಅಲ್ಲಿದ್ದ ಆಪ್ತಸಮಾಲೋಚಕಿ ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು.

‘ಈ ಹೆದರಿಕಿ ಒಂದು ತೆಗೀರಿ ಅಕ್ಕಾರ,’ ಎಂದೆ.

‘ಅದನ್ನ ತೆಗಿಯೂದು ನನ್ನ ಕೈಯಾಗಿಲ್ರಿ. ಮೊದಲನೇ ಸಲ ಯಾರ ಸಲುವಾಗಿ ನೋಡತೀರಿ?’

‘ನೆರಳಿಗೆ ಕುಂತ ಮಂದಿ ಸಲುವಾಗಿ.’

‘ಆರನೇ ಸಲ?’

ಆರನೇ ಸಲ ನೋಡುತ್ತಿದ್ದುದು ನನ್ನ ಎದೆಬಡಿತ ಇಳಿಯಲೆಂದು.

ಅವರು ಕಲಿಸಿದ್ದು ಇಷ್ಟು. ಕಣ್ಣು ಮುಚ್ಚಿ, ನೆರಳಿನಲ್ಲಿ ಯಾರೋ ಕುಳಿತ ಆ ಚಿತ್ರವನ್ನು ಬರಗೊಡಬೇಕು. ಓಡಿಸಬಾರದು, ಅದರೊಡನೆ ವಾದ ಮಾಡಬಾರದು. ಅದು ಮೈಯಲ್ಲಿ ಎಲ್ಲಿ ಕುಳಿತಿದೆ ಎಂದು ನೋಡಿ ಹೇಳಬೇಕು. ನನಗೆ ಗಂಟಲಲ್ಲಿತ್ತು, ಒಣ ತುತ್ತು ನಿಂತ ಹಾಗೆ.

‘ಇರ್ಲಿ, ಅದಕ್ಕೂ ಜಾಗ ಕೊಡ್ರಿ. ಮಂದಿ ಸಲುವಾಗಿ ಒಮ್ಮೆ ಛಲೋತಂಗ ನೋಡ್ರಿ. ಆಮ್ಯಾಲ ಹೆದರಿಕಿ ಇದ್ದಂಗನ ಸೀಟಿ ಊದ್ರಿ.’

ಹೊರಗೆ ಬಂದಾಗ ಕಾಕಾ ಕೇಳಿದರು: ‘ಗುಳಿಗಿ ಕೊಟ್ಟರೇನೋ?’

‘ಇಲ್ರಿ. ಹೆದರಿಕಿ ಇಟ್ಕೋ ಅಂದ್ರು.’

‘ಅದನ್ನ ಪುಕ್ಕಟ ಇಟ್ಕೊಂಡೀಯಲ್ಲೋ,’ ಎಂದು ಅವರು ಬೀಡಿ ಹಚ್ಚಿದರು.

ನಾಲ್ಕು ಭಾನುವಾರ ಡಿಪೊದ ಅಂಗಳದಲ್ಲಿ ಖಾಲಿ ಬಸ್ಸಿನೊಂದಿಗೆ ಅಭ್ಯಾಸ ಮಾಡಿದೆವು. ಎರಡನೆಯ ಭಾನುವಾರ ನಾನು ಮೂರು ಸಲ ತಿರುಗಿ ಹೋಗಿ ನೋಡಿದೆ. ಕಾಕಾ ಎಂಜಿನ್ ಬಂದ್ ಮಾಡಿ, ನೀರು ಕುಡಿದು, ಕಾದರು. ಬೈಯಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ, ಸವದತ್ತಿಯ ನಿಲ್ದಾಣ. ಗದ್ದಲ ತುಂಬಿತ್ತು. ಬಸ್ಸಿನ ಸುತ್ತ ಒಮ್ಮೆ ಬಂದೆ. ನೆರಳಲ್ಲಿ ಕುಳಿತಿದ್ದ ಇಬ್ಬರು ಹೆಂಗಸರನ್ನು ಎಬ್ಬಿಸಿ ದೂರ ಕಳಿಸಿದೆ. ಬಗ್ಗಿ ಕೆಳಗೆ ನೋಡಿದೆ. ನನ್ನ ಮೂಲೆಗೆ ಬಂದು ನಿಂತೆ. ಗಂಟಲಿಗೆ ತುತ್ತು ಬಂತು. ಯಾರೋ ಕುಳಿತ ಹಾಗೆ ಚಿತ್ರವೂ ಬಂತು. ಮತ್ತೆ ನೋಡಲು ಕಾಲು ಹೊರಟಿತು; ಹೊರಡಬೇಕೆಂಬ ಆ ಎಳೆತವನ್ನು ಇರಗೊಟ್ಟು ನಿಂತಲ್ಲೇ ನಿಂತೆ. ಸೀಟಿ ಊದಿದೆ. ‘ಬರ್ಲಿ’ ಎಂದಾಗ ದನಿ ಒಡೆಯಿತು. ಬಸ್ಸು ಮೆಲ್ಲಗೆ, ನೀರಲ್ಲಿ ಬರುವಂತೆ, ಹಿಂದೆ ಬಂತು. ಅದರ ನೆರಳು ಖಾಲಿ ನೆಲದ ಮೇಲೆ ಜಾರುತ್ತ ಹೋಯಿತು.

ಹೆದರಿಕೆ ಮುನವಳ್ಳಿಯವರೆಗೂ ನನ್ನ ಜೊತೆಯಲ್ಲೇ ಇತ್ತು. ಈಗಲೂ ಕೆಲವು ದಿನ ಇರುತ್ತದೆ. ನಾನಿನ್ನೂ ಅದೇ ಕೆಲಸದಲ್ಲಿದ್ದೇನೆ.

ಆ ಬೆಳಿಗ್ಗೆ ನಾನು ಒಂದೇ ಸಲ ನೋಡಿದ್ದನ್ನು ಕಂಡವರು ಇಬ್ಬರು. ಒಬ್ಬರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ ಕಾಕಾ; ಈಗ ನಿವೃತ್ತರಾಗಿ ಕಿತ್ತೂರಿನಲ್ಲಿದ್ದಾರೆ. ಇನ್ನೊಬ್ಬರು, ನನ್ನಿಂದಾಗಿ ದಿನವೂ ಶಾಲೆಗೆ ತಡವಾಗಿ ಹೋಗುತ್ತಿದ್ದ, ಆ ದಿನ ಬಸ್ಸು ವೇಳೆಗೆ ಹೊರಟಿದ್ದನ್ನು ಗಡಿಯಾರದಲ್ಲಿ ನೋಡಿಕೊಂಡ ಶಿಕ್ಷಕಿ. ಅವರೂ ಇದ್ದಾರೆ, ಈಗಲೂ ನಮ್ಮ ಬಸ್ಸಿಗೇ ಬರುತ್ತಾರೆ.